ಹಳೆಯ ಜೀಪು, ಅಳಿಸಿಹೋದ ಹೆಸರು

ನಮ್ಮ ಮನೆಯಲ್ಲಿ ಒಂದು ಜೀಪಿದೆ. 1967ರ ಮಾಡೆಲ್. ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರಿದ್ದ ಕಾಲದ ಗಾಡಿಯಾದ್ದರಿಂದ ಅದರ ನಂಬರ್ ಪ್ಲೇಟು ಈಗಲೂ ‘ಎಂವೈ’ ಎಂಬ ಅಕ್ಷರಗಳಿಂದಲೇ ಶುರುವಾಗುತ್ತದೆ. ಹದಿನೈದು ವರ್ಷ ದಾಟಿದ ಸ್ವಂತ ವಾಹನಕ್ಕೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕೆಂಬ ಕಾನೂನಿನಂತೆ, ಕಳೆದ ಸಲ ಅದನ್ನು ತೊಳೆದು, ಬ್ರೇಕು ಬಿಗಿ ಮಾಡಿಸಿ, ಹಾರನ್ನು ಸರಿಪಡಿಸಿ ಸಾರಿಗೆ ಕಚೇರಿಗೆ ಒಯ್ದಿದ್ದೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ತರುಣನೊಬ್ಬ ಜೀಪಿನ ಸುತ್ತ ಒಂದು ಸುತ್ತು ಹಾಕಿ ಬಂದು, “ಇದನ್ನ ಗುಜರಿಗೆ ಹಾಕಿಬಿಡಿ ಸಾಬ್ರೇ, ಹೇಗಿದ್ದರೂ ಗುಜರಿ ನಿಮ್ಮೋರದ್ದೇ ತಾನೇ?” ಎಂದು ನಕ್ಕ.

ನಾನೂ ನಕ್ಕೆ. ಮಾತಿನಲ್ಲಿ ಹಗೆಯೇನೂ ಇರಲಿಲ್ಲ. ಆದರೆ ಘಾಟಿಯ ದಾರಿಯಲ್ಲಿ ಮೂಡಿಗೆರೆಯ ಕಡೆಗೆ ಗಾಡಿ ಓಡಿಸಿಕೊಂಡು ಬರುವಾಗ ಆ ಮಾತು ಪಕ್ಕದ ಸೀಟಿನಲ್ಲಿ ಕುಳಿತೇ ಬಂತು. ಈ ಗಾಡಿಯಲ್ಲಿ ಯಾರದ್ದು ಎಷ್ಟು? ಗುಜರಿಯ ಪಾಲು ಮಾತ್ರ ನಮ್ಮದೇ? ಆರ್‌ಸಿ ಪುಸ್ತಕದಲ್ಲಿ ಮಾಲೀಕರ ಹೆಸರುಗಳು ಸಾಲಾಗಿವೆ: ಮೊದಲು ಒಂದು ಕಾಫಿ ಎಸ್ಟೇಟು, ಆಮೇಲೆ ಮಂಗಳೂರು ಕಡೆಯ ಕ್ರೈಸ್ತ ಮರದ ಗುತ್ತಿಗೆದಾರರೊಬ್ಬರು, ಅವರಿಂದ ಒಬ್ಬ ಗೌಡರು, 1984ರಲ್ಲಿ ನನ್ನ ಅಬ್ಬಾ, ಈಗ ನಾನು. ಪುಸ್ತಕದಲ್ಲಿ ಇಲ್ಲದ ಹೆಸರುಗಳನ್ನು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ ಚರಿತ್ರೆಯೇ ಈ ಲೇಖನ.

ಜೀಪು ಹುಟ್ಟಿದ್ದು ಯುದ್ಧದ ಗಡಿಬಿಡಿಯಲ್ಲಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಹಗುರವಾದ ಪುಟ್ಟ ಗಾಡಿಯೊಂದನ್ನು 49 ದಿನಗಳಲ್ಲಿ ಮಾಡಿಕೊಡಬಲ್ಲಿರಾ ಎಂದು ಕೇಳಿತು. ಆ ಗಡುವಿಗೆ ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ, ಗಾಡಿ ಸೇನೆಯ ಅಂಗಳಕ್ಕೆ ಬಂದು ನಿಂತಿತು.

ಗಾಡಿ ಸೇನೆಗೆ ಒಪ್ಪಿಗೆಯಾಯಿತು. ಆದರೆ ಇಷ್ಟು ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡೀತೇ ಎಂಬ ಅನುಮಾನದಿಂದ ಸೇನೆ ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ಕೊಟ್ಟಿತು. ವಿಲ್ಲಿಸ್ ತನ್ನ 60 ಅಶ್ವಶಕ್ತಿಯ ಗಟ್ಟಿ ಎಂಜಿನ್ ಕೂರಿಸಿತು. ತಗಡಿಗೆ ಉದ್ದುದ್ದ ಸೀಳು ಹೊಡೆದು ಮುಂಭಾಗದ ಆ ಪರಿಚಿತ ಮುಖವನ್ನು ಕೊಟ್ಟಿದ್ದು ಫೋರ್ಡ್. ಯುದ್ಧ ಮುಗಿಯುವ ಹೊತ್ತಿಗೆ ಇವೆರಡೂ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ಮಾಡಿದ್ದವು. ಬ್ಯಾಂಟಮ್ ಮಾಡಿದ್ದು ಸುಮಾರು 2,700. ಆಮೇಲೆ ಅದರ ಪಾಲಿಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡುವ ಕೆಲಸ. ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ವಿಲ್ಲಿಸ್ ಜಾಹೀರಾತು ಕೊಡುತ್ತಿತ್ತು. ಹಾಗೆ ಹೇಳಿಕೊಳ್ಳಬಾರದೆಂದು ಅಮೆರಿಕದ ವ್ಯಾಪಾರ ಆಯೋಗ 1948ರಲ್ಲಿ ತೀರ್ಪಿತ್ತಿತು. ಆದರೂ 1950ರಲ್ಲಿ ‘ಜೀಪ್’ ಎಂಬ ಹೆಸರು ವಿಲ್ಲಿಸ್‌ನ ಸ್ವತ್ತಾಗಿ ನೋಂದಣಿಯಾಯಿತು. ಮೊದಲು ಮಾಡಿದವನ ಹೆಸರು ಹೀಗೆ ಅಳಿಸಿಹೋಯಿತು.

ನಮ್ಮ ಉಪಖಂಡಕ್ಕೆ ಜೀಪು ಬಂದದ್ದು ಬರ್ಮಾ ಯುದ್ಧದ ಜೊತೆಗೆ. ಅಲ್ಲಿನ ಕಾಡಿನಲ್ಲಿ ಅದಕ್ಕೆ ರೈಲುಗಾಲಿ ತೊಡಿಸಿ ಹಳಿಗಳ ಮೇಲೆ ಬೋಗಿ ಎಳೆಸಿದ್ದೂ ಉಂಟು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದೇ ಗಾಡಿಯನ್ನು ರೈತರಿಗೆ ಮಾರಲು ಹೊರಟಿತು. ಅದೇ ಹೊತ್ತಿಗೆ, 1945ರ ಅಕ್ಟೋಬರ್ 2ರಂದು, ಮುಂಬಯಿಯಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಹುಟ್ಟಿತು. ಲೂಧಿಯಾನದ ಇಬ್ಬರು ಅಣ್ಣತಮ್ಮಂದಿರು ಮತ್ತು ಲಾಹೋರಿನಲ್ಲಿ ಹುಟ್ಟಿದ ಒಬ್ಬ ಮುಸ್ಲಿಮರು ಅದರ ಪಾಲುದಾರರು. ಅಣ್ಣ ಜಗದೀಶ್ ಚಂದ್ರ ಮಹೀಂದ್ರ ಯುದ್ಧಕಾಲದಲ್ಲಿ ದೇಶದ ಉಕ್ಕಿನ ನಿಯಂತ್ರಕರಾಗಿದ್ದವರು. ತಮ್ಮ ಕೈಲಾಶ್ ಚಂದ್ರರು ಅಮೆರಿಕದಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದವರು. ಮೂರನೆಯವರು ಮಲಿಕ್ ಗುಲಾಂ ಮುಹಮ್ಮದ್. ಅಲಿಗಢದಲ್ಲಿ ಓದಿ, ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಪಳಗಿದವರು. 1940ರ ದಶಕದಲ್ಲಿ ಕೆಲಕಾಲ ಹೈದರಾಬಾದ್ ನಿಜಾಮರ ಹಣಕಾಸು ಮಂತ್ರಿಯೂ ಆಗಿದ್ದರು. ನಮ್ಮ ಬೀದರ್, ಗುಲಬರ್ಗಾ, ರಾಯಚೂರು ಆಗ ಆ ರಾಜ್ಯದಲ್ಲೇ ಇದ್ದವೆಂಬುದನ್ನು ನೆನೆದರೆ, ಅವರ ಲೆಕ್ಕದ ಪುಸ್ತಕದಲ್ಲಿ ಕನ್ನಡ ನಾಡಿನ ಕಂದಾಯವೂ ಇತ್ತು.

ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮುಹಮ್ಮದ್’. ಕೋಮುದಳ್ಳುರಿ ಹೊತ್ತಲಿದ್ದ ದಿನಗಳಲ್ಲಿ ಆ ಎರಡು ಹೆಸರು ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಇದ್ದವು.

ಅದು ಬಹಳ ದಿನ ಬಾಳಲಿಲ್ಲ. 1947ರಲ್ಲಿ ದೇಶ ಒಡೆಯಿತು. ಗುಲಾಂ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದು ಬದಲಾಯಿತು. ‘ಎಂ ಅಂಡ್ ಎಂ’ ಎಂದು ಅಚ್ಚಾಗಿದ್ದ ಕಾಗದಪತ್ರ ದಂಡವಾಗಬಾರದೆಂದೇ ಎರಡನೆಯ ‘ಎಂ’ ಉಳಿಸಿಕೊಂಡರೆಂದು ಹೇಳುವುದುಂಟು. ಮುಂಬಯಿಯ ಮಜಗಾಂವ್‌ನಲ್ಲಿ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಜೀಪು ಕಟ್ಟುವ ಕೆಲಸ ಈ ಕಂಪನಿಯಲ್ಲಿ ಆರಂಭವಾಗುವ ವೇಳೆಗೆ ಮೂರನೆಯ ಪಾಲುದಾರ ಗಡಿಯ ಆಚೆ ಇದ್ದರು.

ಗುಲಾಂ ಮುಹಮ್ಮದರನ್ನು ದೊಡ್ಡ ಮನುಷ್ಯರೆಂದು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. 1951ರಲ್ಲಿ ಗವರ್ನರ್ ಜನರಲ್ ಆದ ಅವರು 1953ರಲ್ಲಿ ಪ್ರಧಾನಿ ನಾಜಿಮುದ್ದೀನರನ್ನು ವಜಾ ಮಾಡಿದರು. ಮರುವರ್ಷ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಆ ದೇಶದ ಪ್ರಜಾಪ್ರಭುತ್ವಕ್ಕೆ ಬಿದ್ದ ಮೊದಲ ಏಟುಗಳಲ್ಲಿ ಅವೂ ಸೇರಿವೆ. ಚರಿತ್ರೆ ವಿಚಿತ್ರ: ಇದೇ ಗುಲಾಂ ಮುಹಮ್ಮದರು 1955ರ ಜನವರಿ 26ರಂದು ದೆಹಲಿಯ ರಾಜಪಥದಲ್ಲಿ ನಮ್ಮ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ಕುಳಿತಿದ್ದರು. ಮರುವರ್ಷ ತೀರಿಕೊಂಡರು. ಹೋದವರು ಹೋದರು. ಆದರೆ ಒಬ್ಬರು ಹೋದದ್ದರ ಲೆಕ್ಕವನ್ನು ಇಲ್ಲೇ ಉಳಿದ ಕೋಟ್ಯಂತರ ಜನರಿಂದ ಕೇಳುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ.

ಉಳಿದವರ ಚರಿತ್ರೆಗೆ ಮತ್ತೆ ನಮ್ಮ ಜೀಪಿಗೇ ಬರಬೇಕು. ಅಬ್ಬಾ ಏಲಕ್ಕಿ, ಕಾಳುಮೆಣಸಿನ ಸಣ್ಣ ವ್ಯಾಪಾರಿ. ಆರಿದ್ರಾ ಮಳೆ ಹಿಡಿದರೆ ಬಸ್ಸು ಹೋಗದ ಊರುಗಳಿಗೆ ಅವರು ಹೋಗಬೇಕಿತ್ತು. ಅದಕ್ಕೇ ಜೀಪು. ದೊಡ್ಡ ಗೇರಿನ ಪಕ್ಕದಲ್ಲಿ ಎರಡು ಪುಟ್ಟ ಗೇರುಗಳಿವೆ. ಒಂದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಬಲ ಬರುತ್ತದೆ. ಇನ್ನೊಂದನ್ನು ಹಾಕಿದರೆ ವೇಗ ಇಳಿದು ಎಳೆತ ಏರುತ್ತದೆ. ಕೆಸರಿನಲ್ಲಿ ಇದು ಆನೆ. ಒಣಗಿದ ಡಾಂಬರಿನ ಮೇಲೆ ಮಾತ್ರ ನಾಲ್ಕು ಗಾಲಿಯ ಗೇರು ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡನ್ನೂ ಬಿಗಿದಿಟ್ಟರೆ ಜಾರಲು ಜಾಗವಿಲ್ಲದೆ ಟೈರೂ ಗೇರೂ ಸವೆಯುತ್ತವೆ. ಈ ಪಾಠವನ್ನು ನಾನು ಕಲಿತದ್ದು ಒಂದು ಜೊತೆ ಹೊಸ ಟೈರು ಹಾಳು ಮಾಡಿ, ಅಬ್ಬಾರ ಬೈಗುಳ ತಿಂದು.

ಊರಿಗೆ ಒಂದೇ ಜೀಪಿದ್ದಾಗ ಅದು ಯಾರೊಬ್ಬರದ್ದೂ ಆಗಿರುವುದಿಲ್ಲ. ಬೇನೆ ತಿನ್ನುತ್ತಿದ್ದ ಹೆಂಗಸರು, ಹಾವು ಕಚ್ಚಿಸಿಕೊಂಡ ಆಳುಗಳು, ಮದುವೆಯ ದಿಬ್ಬಣ, ಮಯ್ಯತ್, ಚುನಾವಣೆಯ ಮೈಕು, ಎಲ್ಲವೂ ಅದರಲ್ಲೇ. ಬಾಡಿಗೆ ಕೇಳಲು ಅಬ್ಬಾರಿಗೆ ನಾಚಿಕೆ. ಡೀಸೆಲಿಗೆಂದು ಯಾರಾದರೂ ಕೈಗಿಟ್ಟರೆ ತೆಗೆದುಕೊಳ್ಳುತ್ತಿದ್ದರು.

ಡೀಸೆಲ್ ಎಂದೆ. ಗಾಡಿ ಬಂದಾಗ ಪೆಟ್ರೋಲಿನದು. ಅದರ ಮೂಲ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವುಗಳು ತಲೆಯ ಭಾಗದಲ್ಲಿ, ಹೊಗೆ ಹೋಗುವ ವಾಲ್ವುಗಳು ಬ್ಲಾಕಿನಲ್ಲಿ ಇದ್ದವು. ಹೀಗಾಗಿ ಎಂಜಿನ್ ಎತ್ತರವಾಗಿ, ಅದನ್ನು ಮುಚ್ಚಲು ವಿಲ್ಲಿಸ್ 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿ ‘ಸಿಜೆ-3ಬಿ’ ಎಂಬ ಮಾದರಿ ತಂದಿತ್ತು. ಅಮೆರಿಕದಲ್ಲಿ ಅದು 1968ರಲ್ಲಿ ನಿಂತುಹೋದರೂ ನಮ್ಮಲ್ಲಿ ಮತ್ತೆಷ್ಟೋ ವರ್ಷ ತಯಾರಾಯಿತು. ಪೆಟ್ರೋಲು ಕುಡಿದು ಕುಡಿದು ವ್ಯಾಪಾರದ ಲಾಭವನ್ನೆಲ್ಲ ನುಂಗುತ್ತಿದ್ದ ಆ ಎಂಜಿನ್ ಇಳಿಸಿ ಅಬ್ಬಾ 1986ರಲ್ಲಿ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಎತ್ತರದ ಎಂಜಿನ್ ಹೋಯಿತು, ಅದಕ್ಕಾಗಿ ಎತ್ತರವಾದ ಬಾನೆಟ್ಟು ಉಳಿಯಿತು.

ಆ ಎಂಜಿನ್ ಕೂರಿಸಿದವರು ನಮ್ಮ ಉಸ್ತಾದರು. ಉರ್ದು ಪ್ರಾಥಮಿಕ ಶಾಲೆಯ ಹುಡುಗನಾದ ನನಗೆ ಉಸ್ತಾದ್ ಎಂದರೆ ಬೆತ್ತ ಹಿಡಿದು ಅಲಿಫ್, ಬೇ ಕಲಿಸುವವರು. ಗ್ರೀಸು ಮೆತ್ತಿದ ಲುಂಗಿಯವರೊಬ್ಬರನ್ನು ಮಂಜ, ರಮೇಶ, ಪೀಟರ್ ಎಲ್ಲರೂ “ಉಸ್ತಾದ್” ಎಂದು ಕೂಗುವುದನ್ನು ಗ್ಯಾರೇಜಿನಲ್ಲಿ ಮೊದಲ ಸಲ ಕೇಳಿದಾಗ ನಗು ಬಂದಿತ್ತು. ಕರ್ನಾಟಕದ ಯಾವ ಊರಿನ ಗ್ಯಾರೇಜಿಗೆ ಹೋದರೂ ಉಸ್ತಾದ್ ಎಂದರೆ ಅರ್ಥವಾಗುತ್ತದೆ, ಪಾನಾ ಎಂದರೆ ಅರ್ಥವಾಗುತ್ತದೆ. ಯಾರೂ ಅದನ್ನು ಉರ್ದುವೆಂದು ಕಲಿತಿಲ್ಲ, ಕೆಲಸವೆಂದು ಕಲಿತಿದ್ದಾರೆ. ನಮ್ಮ ಉಸ್ತಾದರು ಸಹಿ ಹಾಕಲು ಮಾತ್ರ ಬಲ್ಲವರು. ಒಂದು ಎಂಜಿನ್ನಿನ ಗೇರುಪೆಟ್ಟಿಗೆಗೆ ಇನ್ನೊಂದು ಎಂಜಿನ್ ಹೊಂದಿಸಲು ಮಧ್ಯೆ ಬೇಕಾದ ಉಕ್ಕಿನ ತಟ್ಟೆಯನ್ನು ಅಳತೆ ಕಡ್ಡಿಯಿಂದಲೇ ಲೇತಿಗೆ ಕೊಟ್ಟು ಮಾಡಿಸಿದ್ದರು. ಅದು ಇಂದಿಗೂ ಅಲುಗಿಲ್ಲ.

ಬೇಕಾದ ಭಾಗಗಳು ಬರುತ್ತಿದ್ದುದು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ. ಸತ್ತ ಗಾಡಿಗಳ ಅಂಗಾಂಗ ಬಿಚ್ಚಿ, ತೊಳೆದು, ವಿಂಗಡಿಸಿ, ಬದುಕಿರುವ ಗಾಡಿಗಳಿಗೆ ಒದಗಿಸುವ ಜಾಗ ಅದು. ಕಂಪನಿಗಳು ಬಿಡಿಭಾಗ ನಿಲ್ಲಿಸಿದ ಮೇಲೂ ರೈತರ, ಸಣ್ಣ ವ್ಯಾಪಾರಿಗಳ ಎಷ್ಟೋ ಗಾಡಿಗಳು ಓಡಿದ್ದು ಇಂಥ ಗುಜರಿಗಳ ದಯೆಯಿಂದ. ಸಾಲಿನಲ್ಲಿದ್ದ ಹುಡುಗ ಹೇಳಿದ್ದು ಸುಳ್ಳಲ್ಲ. ಗುಜರಿಯೆಂದರೆ ಕೊನೆಯೆಂದು ತಿಳಿದಿದ್ದ, ಅಷ್ಟೆ.

ಹಳೆಯ ಗಾಡಿಯ ಮೋಹದಲ್ಲಿ ಹೊಗೆಯನ್ನು ಮರೆಯಬಾರದು. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸದಿರುವುದಕ್ಕೆ ಕಾರಣವಿದೆ. ನಮ್ಮ ಜೀಪೂ ಒಂದು ದಿನ ನಿಲ್ಲಲೇಬೇಕು. ಈಗ ತಿಂಗಳಿಗೆ ಒಂದೆರಡು ಸಲ, ತೋಟಗಳ ದಾರಿಯಲ್ಲಿ ಮಾತ್ರ ಓಡುತ್ತದೆ. ಉಸ್ತಾದರು ತೀರಿಕೊಂಡು ಹತ್ತು ವರ್ಷವಾಯಿತು. ಅವರ ಮಕ್ಕಳು ಕೊಲ್ಲಿಯಲ್ಲಿದ್ದಾರೆ. ಗ್ಯಾರೇಜು ನಡೆಸುತ್ತಿರುವವನು ಶಾಗಿರ್ದನಾಗಿದ್ದ ಮಂಜ. ಈಗ ಹುಡುಗರು ಅವನನ್ನು ಉಸ್ತಾದ್ ಎನ್ನುತ್ತಾರೆ.

ಕಳೆದ ತಿಂಗಳು ಬ್ರೇಕು ನೋಡಿಸಲು ಹೋಗಿದ್ದಾಗ ಮಹೀಂದ್ರ ಅಂಡ್ ಮುಹಮ್ಮದ್ ಕತೆಯನ್ನು ಅವನಿಗೆ ಹೇಳಿದೆ. ಗಾಡಿಯಡಿ ಮಲಗಿದ್ದವನು ಕೇಳಿಸಿಕೊಂಡು, “ಹಾಗಾದ್ರೆ ನೀವೂ ಪಾಲುದಾರರೇ ಅನ್ನಿ” ಎಂದ. ಆಮೇಲೆ ಕೈ ಚಾಚಿ, “ಹದಿನಾಲ್ಕರ ಪಾನಾ ಕೊಡಿ” ಎಂದ. ಕೊಟ್ಟೆ.