ಕೋಲಾರದ ಚಿನ್ನದ ಗಣಿಗಳಲ್ಲಿ ವಾಯುಸಂಚಾರ ವಿದ್ಯೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಚಿನ್ನದ ಲೆಕ್ಕವನ್ನು ಬರೆದಿದ್ದಾರೆ. ಯಾವ ವರ್ಷ ಯಾವ ಕಂಪನಿ ಎಷ್ಟು ಅದಿರನ್ನು ಮೇಲೆತ್ತಿತು, ಅದರಿಂದ ಎಷ್ಟು ಲೋಹ ದೊರೆಯಿತು, ಪಾಲುದಾರರಿಗೆ ಎಷ್ಟು ಲಾಭ ಹಂಚಲಾಯಿತು ಎಂಬ ವಿವರಗಳು ಸುಲಭವಾಗಿ ಸಿಕ್ಕುತ್ತವೆ. ಆದರೆ ಭೂಮಿಯ ಒಳಗಿಂದ ಚಿನ್ನವನ್ನು ಮೇಲೆ ತರಬೇಕಾದರೆ ಅದಕ್ಕೆ ಮೊದಲು ಮೇಲಿನಿಂದ ಗಾಳಿಯನ್ನು ಕೆಳಗೆ ಕಳುಹಿಸಬೇಕಾಗುತ್ತದೆ. ಆ ಗಾಳಿಯ ಚರಿತ್ರೆಯ ಕಡೆಗೆ ನಮ್ಮ ವಿದ್ವಾಂಸರ ದೃಷ್ಟಿ ಹರಿದದ್ದು ಕಡಿಮೆ. ಪ್ರಕೃತ ಲೇಖನದಲ್ಲಿ ಈ ಗಣಿಗಳಲ್ಲಿ ವಾಯುಸಂಚಾರದ ವಿದ್ಯೆ ಹೇಗೆ ಬೆಳೆಯಿತು, ಅದನ್ನು ಕಲಿತವರು ಯಾರು, ಕಲಿಯುವ ಅವಕಾಶವಿಲ್ಲದೆ ಅದರ ಫಲವನ್ನು ಮೈಯಲ್ಲಿ ಅನುಭವಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ 1880ರಲ್ಲಿ ಇಲ್ಲಿಗೆ ಬಂದ ಮೇಲೆ ಆಧುನಿಕ ಗಣಿಗಾರಿಕೆ ನೆಲೆಯೂರಿತು. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ಗಣಿಗಳು ಒಂದೇ ಸಾಲಿನಲ್ಲಿ ಬೆಳೆದವು. ಕಮಿಷನರ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದು ಈಗ ಬಂಗಾರಪೇಟೆಯೆಂದು ಪ್ರಸಿದ್ಧವಾಗಿರುವ ಊರಿನಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲುದಾರಿಯ ಕವಲೊಂದು ತೆರೆಯಿತು. ದೂರದ ದೇಶಗಳ ಯಂತ್ರಗಳೂ, ಕೆಲಸ ಹುಡುಕಿ ಬಂದ ಉತ್ತರ ಆರ್ಕಾಡು ಮೊದಲಾದ ಜಿಲ್ಲೆಗಳ ಬಡಜನರೂ ಈ ದಾರಿಯಲ್ಲಿಯೇ ಗಣಿಯನ್ನು ಸೇರಿದರು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಗಣಿಗಳಿಗೆ ಬಂದಿತು. ಇದನ್ನು ನಾವು ಪಠ್ಯಪುಸ್ತಕಗಳಲ್ಲಿ ಬೆಳಕಿನ ಕಥೆಯಾಗಿ ಓದುತ್ತೇವೆ. ಗಣಿಯ ದೃಷ್ಟಿಯಿಂದ ನೋಡಿದರೆ ಅದು ಗಾಳಿಯ ಕಥೆಯೂ ಹೌದು. ಏಕೆಂದರೆ ದೊಡ್ಡ ಫ್ಯಾನುಗಳನ್ನೂ ಗಾಳಿಯನ್ನು ಒತ್ತುವ ಯಂತ್ರಗಳನ್ನೂ ಹಗಲಿರುಳು ನಡೆಸುವ ಬಲ ದೊರೆಯದೆ ಗಣಿಗಳು ಅಷ್ಟು ಆಳಕ್ಕೆ ಇಳಿಯುವಂತಿರಲಿಲ್ಲ. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳವನ್ನು ಮುಟ್ಟಿ, ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆಂದು ಹೆಸರಾಯಿತು.

ಆಳ ಹೆಚ್ಚಿದಂತೆ ಶಾಖ ಏಕೆ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಮೊದಲನೆಯದಾಗಿ, ಬಂಡೆಯೇ ಬಿಸಿಯಾಗಿರುತ್ತದೆ. ಕೋಲಾರದ ಬಂಡೆಗಳು ಅತಿಪ್ರಾಚೀನವಾದವು; ಇಲ್ಲಿ ಆಳದೊಂದಿಗೆ ಶಾಖ ಏರುವ ವೇಗ ಪ್ರಪಂಚದ ಅನೇಕ ಪ್ರದೇಶಗಳಿಗಿಂತ ಕಡಿಮೆ. ಹಾಗಿದ್ದರೂ ಅತ್ಯಂತ ಆಳದ ಅಂತಸ್ತುಗಳಲ್ಲಿ ಬಂಡೆಯ ಉಷ್ಣಮಾನ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಎರಡನೆಯದಾಗಿ, ಕೆಳಕ್ಕಿಳಿಯುವ ಗಾಳಿ ತನ್ನ ಮೇಲಿನ ಗಾಳಿಯ ಭಾರದಿಂದಲೇ ಒತ್ತಲ್ಪಟ್ಟು ಬಿಸಿಯಾಗುತ್ತದೆ. ಸೈಕಲ್ ಪಂಪನ್ನು ಒತ್ತಿದಾಗ ಅದರ ಕೊಳವೆ ಬಿಸಿಯೇರುವುದನ್ನು ಎಲ್ಲರೂ ಕಂಡಿರುತ್ತಾರೆ, ಇದೂ ಅಂಥದೇ. ಒಣಗಾಳಿ 1,000 ಮೀಟರ್ ಇಳಿದರೆ ಅದರ ಉಷ್ಣಮಾನ ಸುಮಾರು 10 ಡಿಗ್ರಿ ಏರುತ್ತದೆ. ಈ ಲೆಕ್ಕದಂತೆ ಮೇಲೆ 25 ಡಿಗ್ರಿಯಿರುವ ಹಿತವಾದ ಗಾಳಿ, ದಾರಿಯಲ್ಲಿ ತೇವವನ್ನು ಹೀರದಿದ್ದರೆ, ಬಂಡೆಯ ಶಾಖದ ಸೋಂಕಿಲ್ಲದೆಯೇ 3,000 ಮೀಟರ್ ಕೆಳಗೆ 55 ಡಿಗ್ರಿಯಾಗಿಬಿಡುತ್ತದೆ. ತೇವ ಸೇರಿದರೆ ಉಷ್ಣಮಾನದ ಏರಿಕೆ ಕಡಿಮೆಯಾಗುವುದು ನಿಜ. ಆದರೆ ಆ ತೇವವೇ ಮನುಷ್ಯನಿಗೆ ಇನ್ನೊಂದು ಬಗೆಯ ಶತ್ರುವೆಂಬುದನ್ನು ಮುಂದೆ ನೋಡಲಿದ್ದೇವೆ.

ಗಣಿ ಆಳವಿಲ್ಲದಿದ್ದ ಮೊದಲ ದಿನಗಳಲ್ಲಿ ಪ್ರಕೃತಿಯೇ ಗಾಳಿಯಾಡಿಸುತ್ತಿತ್ತು. ಎರಡು ಶಾಫ್ಟುಗಳು ಒಳಗೆ ಒಂದಕ್ಕೊಂದು ಕೂಡಿಕೊಂಡರೆ, ಬಿಸಿಯಾದ ಹಗುರ ಗಾಳಿ ಒಂದರಲ್ಲಿ ಮೇಲೇರಿ, ತಂಪಾದ ಭಾರದ ಗಾಳಿ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಆಳ ಹೆಚ್ಚಿದ ಮೇಲೆ ಇದು ಸಾಲದಾಯಿತು. ಫ್ಯಾನುಗಳಿಂದ ಗಾಳಿಯನ್ನು ಎಳೆಯುವುದು, ಬೇಡವಾದ ದಾರಿಗಳನ್ನು ಗೋಡೆ ಬಾಗಿಲುಗಳಿಂದ ಮುಚ್ಚುವುದು, ಒಂದೇ ಕಡೆ ಬಾಯಿರುವ ಸುರಂಗಗಳಿಗೆ ಕೊಳವೆಯಲ್ಲಿ ಗಾಳಿಯನ್ನು ಕಳುಹಿಸುವುದು, ಇವೆಲ್ಲ ಸೇರಿ ವಾಯುಸಂಚಾರವೆಂಬುದು ಪ್ರತ್ಯೇಕ ವಿದ್ಯೆಯಾಯಿತು. ಚಾಂಪಿಯನ್ ರೀಫಿನ ಗಿಫರ್ಡ್ ಶಾಫ್ಟಿನಂತಹ ದುಂಡನೆಯ, ಒಳಗೋಡೆಯನ್ನು ನಯವಾಗಿ ಕಟ್ಟಿದ ನೇರ ಶಾಫ್ಟುಗಳು ಅದಿರನ್ನೂ ಜನರನ್ನೂ ಎತ್ತಿಳಿಸಲು ಮಾತ್ರವಲ್ಲದೆ ಗಾಳಿಯ ಹರಿವಿಗೂ ಅನುಕೂಲವಾದವು. ಒರಟು ಬಂಡೆಯ ಓರೆದಾರಿಗಿಂತ ನಯವಾದ ದಾರಿಯಲ್ಲಿ ಗಾಳಿಗೆ ತಡೆ ಕಡಿಮೆ. ಬಂಡೆ ಕೊರೆಯುವ ಯಂತ್ರಗಳಿಂದ ಹೊರಬೀಳುವ ಒತ್ತಿದ ಗಾಳಿಯೂ ಹಿಗ್ಗುವಾಗ ತಂಪಾಗಿ, ಕೆಲಸದ ಮುಖದಲ್ಲಿದ್ದವರಿಗೆ ಅಷ್ಟಿಷ್ಟು ನೆಮ್ಮದಿ ನೀಡುತ್ತಿತ್ತು.

ಈ ವಿದ್ಯೆ ಇಲ್ಲಿಗೆ ಬಂದುದು ಹೆಚ್ಚಾಗಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ. ಅಲ್ಲಿಯ ತವರ ಮತ್ತು ತಾಮ್ರದ ಗಣಿಗಳು ಕ್ಷೀಣಿಸುತ್ತಿದ್ದ ಕಾಲದಲ್ಲಿ ಆ ನಾಡಿನ ಗಣಿಗಾರರು ಪ್ರಪಂಚದ ನಾನಾ ಕಡೆಗಳಿಗೆ ಹೋದರು, ಕೋಲಾರವೂ ಅವುಗಳಲ್ಲೊಂದು. ಅದೇ ಕಾರ್ನ್‌ವಾಲಿನ ಡಾಲ್ಕೋತ್ ಗಣಿಯ ಶಾಖವನ್ನು ಪರಿಶೀಲಿಸಿದ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನರು 1905ರಲ್ಲಿ ಒಂದು ಮುಖ್ಯ ತತ್ತ್ವವನ್ನು ಸ್ಥಾಪಿಸಿದರು. ಮನುಷ್ಯ ಶಾಖವನ್ನು ತಾಳಿಕೊಳ್ಳುವುದು ಸಾಮಾನ್ಯ ಉಷ್ಣಮಾಪಕ ತೋರಿಸುವ ಅಂಕಿಯನ್ನು ಅವಲಂಬಿಸಿಲ್ಲ. ಬುಡಕ್ಕೆ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಆರ್ದ್ರ ಉಷ್ಣಮಾನವನ್ನು ಅವಲಂಬಿಸಿದೆ ಎಂಬುದೇ ಆ ತತ್ತ್ವ. ಇದರ ಕಾರಣ ಸ್ಪಷ್ಟ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ನಿಶ್ಚಲವಾದ ಗಾಳಿಯಲ್ಲಿ ಆರ್ದ್ರ ಉಷ್ಣಮಾನ ಸುಮಾರು 31 ಡಿಗ್ರಿ ದಾಟಿದರೆ ಮನುಷ್ಯನ ಮೈಶಾಖವೇ ಏರತೊಡಗುತ್ತದೆ. ಅದೇ ಗಾಳಿ ಚಲಿಸುತ್ತಿದ್ದರೆ ಆ ಎಲ್ಲೆ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಗಣಿಯ ಎಂಜಿನಿಯರು ಕೇಳಬೇಕಾದ ಪ್ರಶ್ನೆಗಳು ಮೂರು: ಗಾಳಿ ಎಷ್ಟು ಬಿಸಿ, ಎಷ್ಟು ತೇವ, ಎಷ್ಟು ವೇಗ.

ಗಾಳಿಯ ವೇಗವನ್ನು ಹೆಚ್ಚಿಸುವುದರಿಂದ ಮಾತ್ರ ಸಾಲದ ಆಳ ಬಂದಾಗ ಗಾಳಿಯನ್ನು ಯಂತ್ರದಿಂದ ತಂಪು ಮಾಡುವ ಪ್ರಯತ್ನ ಆರಂಭವಾಯಿತು. ಬ್ರೆಜಿಲ್ ದೇಶದ ಮೋರೋ ವೆಲ್ಯೋ ಗಣಿಯಲ್ಲಿ 1920ರ ಸುಮಾರಿಗೆ ಇಂತಹ ಸ್ಥಾವರ ಬಂದಿತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ರಾಬಿನ್ಸನ್ ಡೀಪ್ ಗಣಿಯೂ ನಮ್ಮ ಕೋಲಾರದ ಗಣಿಪ್ರದೇಶವೂ ಈ ಮಾರ್ಗವನ್ನು ಹಿಡಿದವು. ಭಾರತದ ನಗರಗಳಲ್ಲಿ ಹವಾನಿಯಂತ್ರಿತ ಕೊಠಡಿ ಇನ್ನೂ ಅಪರೂಪದ ವಸ್ತುವಾಗಿದ್ದ ಕಾಲವದು. ತಂಪುಯಂತ್ರವನ್ನು ಎಲ್ಲಿಡಬೇಕೆಂಬುದೂ ಎಂಜಿನಿಯರುಗಳಿಗೆ ದೊಡ್ಡ ಪ್ರಶ್ನೆಯಾಗಿತ್ತು. ನೆಲದ ಮೇಲಿಟ್ಟರೆ ಯಂತ್ರ ಹೊರಹಾಕುವ ಶಾಖವನ್ನು ಬಯಲಿಗೆ ಬಿಡುವುದು ಸುಲಭ; ಆದರೆ ತಂಪುಗಾಳಿ ಕೆಳಗಿಳಿಯುತ್ತ ಒತ್ತಡದಿಂದಲೂ ಬಂಡೆಯ ಸೋಂಕಿನಿಂದಲೂ ಮತ್ತೆ ಬಿಸಿಯಾಗುತ್ತದೆ. ಕೆಳಗೆ ಕೆಲಸದ ಸಮೀಪದಲ್ಲಿಟ್ಟರೆ ತಂಪು ವ್ಯರ್ಥವಾಗುವುದಿಲ್ಲ; ಆದರೆ ಯಂತ್ರದ ಶಾಖವನ್ನು ಹೊರಹೋಗುವ ಗಾಳಿಯಲ್ಲಿಯೇ ಕಳುಹಿಸಬೇಕಾಗುತ್ತದೆ. ಅಮೋನಿಯದಂತಹ ವಿಷಾನಿಲವನ್ನು ಬಳಸುವ ಯಂತ್ರವನ್ನು ಗಣಿಯೊಳಗೆ ಇಡುವುದು ಅಪಾಯಕರ. ಹೀಗೆ ಪ್ರತಿಯೊಂದು ಪರಿಹಾರವೂ ಇನ್ನೊಂದು ಸಮಸ್ಯೆಯನ್ನು ಜೊತೆಗೆ ತಂದಿತು.

ಇವುಗಳಲ್ಲಿ ಅತ್ಯಂತ ಕಠಿನವಾದ ಸಮಸ್ಯೆ ಧೂಳಿನದು. ಕೋಲಾರದ ಚಿನ್ನ ಬೆಣಚುಕಲ್ಲಿನ ಸಿರಗಳಲ್ಲಿದೆ. ಆ ಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ಸೂಕ್ಷ್ಮವಾದ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ, ಗುಣವಾಗದ ರೋಗವನ್ನು ಉಂಟುಮಾಡುತ್ತದೆ. ಭಾರತದಲ್ಲಿ ಈ ರೋಗದ ಚರಿತ್ರೆಯನ್ನು ಹೇಳುವ ವೈದ್ಯಗ್ರಂಥಗಳು ಕೋಲಾರದ ಗಣಿಗಳಿಂದಲೇ ಆರಂಭಿಸುತ್ತವೆ. 1940ರ ದಶಕದಲ್ಲಿ ನಡೆದ ಪರೀಕ್ಷೆಗಳಲ್ಲಿ, ಪರೀಕ್ಷೆಗೊಳಗಾದ ಸಾವಿರಾರು ಕೆಲಸಗಾರರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದರ ಚಿಹ್ನೆಗಳು ಕಂಡುಬಂದವು. ಧೂಳನ್ನು ಅಡಗಿಸಲು ನೀರು ಬೇಕು: ಕೊರೆಯುವಾಗ ನೀರು ಹರಿಸಬೇಕು, ಸಿಡಿಸಿದ ಕಲ್ಲಿಗೆ ನೀರು ಚಿಮುಕಿಸಬೇಕು. ಆದರೆ ಬಿಸಿಬಂಡೆಯ ಮೇಲೆ ಬಿದ್ದ ನೀರು ಆವಿಯಾಗಿ ಗಾಳಿಯ ತೇವವನ್ನು ಹೆಚ್ಚಿಸುತ್ತದೆ; ತೇವ ಹೆಚ್ಚಿದರೆ ಹಾಲ್ಡೇನರು ಹೇಳಿದ ಎಲ್ಲೆ ಸಮೀಪಿಸುತ್ತದೆ. ನೀರು ಬಿಟ್ಟರೆ ಧೂಳು, ನೀರು ಸುರಿದರೆ ಸೆಕೆ. ಧೂಳು ವರ್ಷಗಳ ಮೇಲೆ ಕೊಲ್ಲುತ್ತದೆ, ಸೆಕೆ ಆ ಹೊತ್ತಿನ ಪಾಳಿಯಲ್ಲಿಯೇ ಮನುಷ್ಯನನ್ನು ಕೆಡಹುತ್ತದೆ. ಇವೆರಡರ ನಡುವೆ ದಾರಿ ಹುಡುಕುವುದೇ ಇಲ್ಲಿಯ ವಾಯುಸಂಚಾರ ವಿದ್ಯೆಯ ನಿಜವಾದ ಪರೀಕ್ಷೆಯಾಗಿತ್ತು ಎಂದರೆ ತಪ್ಪಾಗಲಾರದು.

ಈ ಸಂದರ್ಭದಲ್ಲಿ ಗಣಿಯ ವೈದ್ಯರಾಗಿದ್ದ ಆಂಥೊನಿ ಕ್ಯಾಪ್ಲನರನ್ನು ನೆನೆಯಬೇಕು. ನೆಲದೊಳಗೆ ಕೆಲಸಗಾರರು ಕುಸಿದುಬೀಳುವ ಪ್ರಸಂಗಗಳನ್ನು ವಿಶ್ಲೇಷಿಸಿ ಅವರು 1944ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಎರಡು ವರ್ಷಗಳ ಬಳಿಕ ಲಿಂಡ್ಸೆಯವರೊಡನೆ ಕೂಡಿ, ಆಳದ ಗಣಿಗಳಲ್ಲಿ ಅಧಿಕ ಉಷ್ಣಮಾನ ಕೆಲಸಗಾರನ ದುಡಿಮೆಯ ಶಕ್ತಿಯನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಪ್ರಯೋಗದಿಂದ ಪರೀಕ್ಷಿಸಿ ಬರೆದರು. ಮುಂದೆ ಅವರು ಬ್ರಿಟನ್ನಿಗೆ ಹಿಂದಿರುಗಿ, ವೇಲ್ಸಿನ ಕಲ್ಲಿದ್ದಲ ಗಣಿಗಾರರ ಶ್ವಾಸಕೋಶಗಳಲ್ಲಿ ಗುರುತಿಸಿ 1953ರಲ್ಲಿ ವರ್ಣಿಸಿದ ರೋಗಲಕ್ಷಣ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕೋಲಾರದ ಗಣಿಗಾರರ ಮೈಯನ್ನು ಓದಿ ಕಲಿತ ಕಣ್ಣು ಹೀಗೆ ಪ್ರಪಂಚದ ವೈದ್ಯಕ್ಕೆ ಉಪಕಾರ ಮಾಡಿತು. ಆದರೆ ಆ ಪ್ರಯೋಗಗಳಿಗೆ ಮೈಯೊಡ್ಡಿದ ಕೆಲಸಗಾರರ ಮಾತು ಆ ವಿದ್ಯೆಯ ಪುಟಗಳಲ್ಲಿ ನಮಗೆ ಕೇಳಿಸುವುದಿಲ್ಲ.

ಇದಕ್ಕೆ ಕಾರಣವನ್ನು ಗಣಿಯ ವೃತ್ತಿಜೀವನದ ರಚನೆಯಲ್ಲಿಯೇ ಹುಡುಕಬೇಕು. ಮೇಲಿನ ಹುದ್ದೆಗಳು ಬಹುಕಾಲ ಐರೋಪ್ಯರಲ್ಲಿದ್ದವು. ನಡುವಣ ಕೌಶಲದ ಕೆಲಸಗಳಲ್ಲಿ ಆಂಗ್ಲೋ ಇಂಡಿಯನ್ನರು ಹೆಚ್ಚಾಗಿದ್ದರು. ಮುಖದಲ್ಲಿ ನಿಂತು ಕೊರೆದವರು ತಮಿಳು, ತೆಲುಗು, ಕನ್ನಡ ಮಾತಾಡುವ ಕೂಲಿಗಾರರು, ಅವರಲ್ಲಿ ಬಹುಮಂದಿ ದಲಿತರು. ಎಂಜಿನಿಯರುಗಳಿಗೆ ಕಲಿಯುವ ವ್ಯವಸ್ಥೆ ಇತ್ತು. ಕೋಲಾರ ಚಿನ್ನದ ಗಣಿಪ್ರದೇಶದ ಗಣಿ ಮತ್ತು ಲೋಹಶಾಸ್ತ್ರ ಸಂಘ ತನ್ನದೇ ಪತ್ರಿಕೆಯನ್ನು ಹೊರಡಿಸುತ್ತಿತ್ತು; ಲಂಡನ್ನಿನ ಸಂಸ್ಥೆಯ ಪತ್ರಿಕೆಗಳಲ್ಲಿ ಲೇಖನಗಳು ಅಚ್ಚಾಗುತ್ತಿದ್ದವು. ಇವೆಲ್ಲ ಇಂಗ್ಲಿಷಿನಲ್ಲಿದ್ದವು. ಕೆಲಸಗಾರನ ಕಲಿಕೆಗೆ ಪುಸ್ತಕವಿರಲಿಲ್ಲ. ಹಿರಿಯನ ಪಕ್ಕದಲ್ಲಿ ನಿಂತು ನೋಡುವುದೇ ಅವನ ಪಾಠ. ದೀಪದ ಕುಡಿ ಯಾವ ಕಡೆಗೆ ಬಾಗುತ್ತದೆ, ಯಾವ ಬಾಗಿಲನ್ನು ತೆರೆದಿಟ್ಟರೆ ಯಾರ ಗಾಳಿ ನಿಲ್ಲುತ್ತದೆ, ಎಲ್ಲಿ ಕುಳಿತು ಉಸಿರಾಡಬಹುದು ಎಂಬುದನ್ನು ಅಂಕಿಗಳಿಲ್ಲದೆ ಮೈಯೇ ತಿಳಿದುಕೊಳ್ಳಬೇಕಾಗಿತ್ತು. ಉಷ್ಣಮಾಪಕ ಒಬ್ಬನ ಕೈಯಲ್ಲಿ, ಉಷ್ಣ ಇನ್ನೊಬ್ಬನ ಮೈಯಲ್ಲಿ. ಇವೆರಡು ತಿಳಿವಳಿಕೆಗಳು ಒಂದುಗೂಡಲು ಬಹುಕಾಲ ಹಿಡಿಯಿತು.

ಸ್ವಾತಂತ್ರ್ಯಾನಂತರ ಈ ಅಂತರ ಕೆಲಮಟ್ಟಿಗೆ ಕಡಿಮೆಯಾಯಿತು. 1926ರಲ್ಲಿ ಧನ್‌ಬಾದಿನಲ್ಲಿ ಸ್ಥಾಪಿತವಾದ ಗಣಿವಿದ್ಯಾಲಯದಲ್ಲಿ ಕಲಿತ ಭಾರತೀಯ ಎಂಜಿನಿಯರುಗಳು ದೇಶದ ಗಣಿಗಳಲ್ಲಿ ಹೊಣೆಯ ಸ್ಥಾನಗಳಿಗೆ ಬಂದರು. ಊರ್ಗಾಂನಲ್ಲಿಯೇ ಗಣಿಶಾಲೆ ಏರ್ಪಟ್ಟು ಸ್ಥಳೀಯ ಯುವಕರಿಗೆ ಡಿಪ್ಲೊಮಾ ಶಿಕ್ಷಣ ದೊರೆಯಿತು. 1952ರ ಗಣಿ ಕಾನೂನು, ಅದರ ಅಡಿಯಲ್ಲಿ ಬಂದ 1961ರ ಲೋಹಗಣಿಗಳ ನಿಯಮಾವಳಿ ಇವುಗಳಿಂದ ವಾಯುಸಂಚಾರ ಆಡಳಿತವರ್ಗದ ದಯೆಯಾಗಿ ಉಳಿಯದೆ ಕೆಲಸಗಾರನ ಹಕ್ಕಾಯಿತು. ಕೆಲಸದ ಸ್ಥಳದ ಆರ್ದ್ರ ಉಷ್ಣಮಾನ ಸುಮಾರು 33 ಡಿಗ್ರಿಯ ಎಲ್ಲೆಯನ್ನು ಮೀರಬಾರದು, ಸುಮಾರು 30 ಡಿಗ್ರಿ ದಾಟಿದ ಕಡೆ ಗಾಳಿ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಚಲಿಸುತ್ತಿರಬೇಕು ಎಂಬ ವಿಧಿ ಬಂದಿತು. ಮ್ಯಾನೇಜರು, ಫೋರ್‌ಮನ್, ಮೇಟ್, ಬ್ಲಾಸ್ಟರ್ ಎಂಬ ಪ್ರತಿ ಹಂತಕ್ಕೂ ಅನುಭವ ಮತ್ತು ಪರೀಕ್ಷೆಯಿಂದ ಪಡೆಯಬೇಕಾದ ಅರ್ಹತಾಪತ್ರಗಳಿದ್ದವು. ಕಾರ್ನ್‌ವಾಲಿನ ಗಣಿಯೊಂದರಲ್ಲಿ ಕಂಡುಕೊಂಡ ತತ್ತ್ವ ಅರ್ಧ ಶತಮಾನದ ಮೇಲೆ ಮೇಟಿಯೊಬ್ಬ ತಿಳಿದಿರಬೇಕಾದ ಸಂಗತಿಯಾದುದು ಸಣ್ಣ ವಿಷಯವಲ್ಲ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. ಆಳ ಹೆಚ್ಚಿದಂತೆ ಗಾಳಿಯಾಡಿಸುವ, ನೀರೆತ್ತುವ, ಅದಿರೆತ್ತುವ ವೆಚ್ಚಗಳು ಏರಿದವು. ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಫ್ಯಾನುಗಳು ನಿಂತವು, ಪಂಪುಗಳು ನಿಂತವು, ಗಾಳಿ ಹರಿದ ದಾರಿಗಳಲ್ಲಿ ನೀರು ತುಂಬಿತು. ಒಂದು ಕಾಲದಲ್ಲಿ ದುಡಿಮೆಗಾಗಿ ಜನರನ್ನು ಬಂಗಾರಪೇಟೆಯಿಂದ ಗಣಿಗೆ ತಂದ ರೈಲು, ಅದೇ ದುಡಿಮೆಗಾಗಿ ಅವರ ಮಕ್ಕಳನ್ನು ಮುಂಜಾನೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಒಯ್ಯತೊಡಗಿತು.

ಮೇಲ್ಕಂಡ ವಿವರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಯಂತ್ರಗಳೂ ಅಂಕಿಗಳೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿದಿವೆ. ಅವನ್ನು ಯಾವಾಗ ಬೇಕಾದರೂ ಓದಬಹುದು. ಆದರೆ ಆ ಗಾಳಿಯಲ್ಲಿ ದುಡಿದವರ ತಿಳಿವಳಿಕೆ ಎಲ್ಲಿಯೂ ಅಚ್ಚಾಗಿಲ್ಲ. ಅವರು ಮೂರು ಭಾಷೆಗಳನ್ನು ಬೆರೆಸಿ ಆಡಿದ ಗಣಿಯ ಮಾತು, ಸೆಕೆಗೂ ಧೂಳಿಗೂ ಅವರು ಇಟ್ಟ ಹೆಸರುಗಳು, ಪಾಳಿ ಮುಗಿಸಿ ಮೇಲೆ ಬಂದಾಗ ಮೊದಲ ಗಾಳಿಯ ನೆನಪು, ಇವೆಲ್ಲ ಈಗ ವೃದ್ಧರಾಗಿರುವ ಕೆಲವರಲ್ಲಿ ಮಾತ್ರ ಉಳಿದಿವೆ. ಮುಚ್ಚಿದ ಶಾಫ್ಟನ್ನು ಮತ್ತೆ ತೆರೆಯುವುದು ನಮ್ಮ ಕೈಯಲ್ಲಿಲ್ಲ. ಆ ಹಿರಿಯರ ಮನೆಯ ಬಾಗಿಲು ಇನ್ನೂ ತೆರೆದಿದೆ. ನಮ್ಮ ಕಾಲೇಜುಗಳ ಚರಿತ್ರೆ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜೊತೆಗೂಡಿ ಈ ಕೆಲಸಕ್ಕೆ ಕೈಹಾಕಿದರೆ, ಕೋಲಾರದ ಚರಿತ್ರೆಯಲ್ಲಿ ಚಿನ್ನದ ಲೆಕ್ಕದ ಪಕ್ಕದಲ್ಲಿ ಉಸಿರಿನ ಲೆಕ್ಕವೂ ಸೇರೀತು.