ಕಕ್ಕು (ಪದ)

ಕಕ್ಕು ಎಂಬುದು ಕನ್ನಡದ ಒಂದು ನಾಮಪದ. ಕುಡುಗೋಲು, ಗರಗಸ, ಅರ, ಬೀಸುಕಲ್ಲು ಮುಂತಾದ ಸಾಧನಗಳ ಅಂಚಿನಲ್ಲಿ ಅಥವಾ ಮೈಮೇಲೆ ಇರುವ ಹಲ್ಲು, ಕಚ್ಚು ಅಥವಾ ಒರಟುತನ ಎಂಬುದು ಇದರ ಅರ್ಥ. ‘ಕಕ್ಕು ಹಾಕು’ ಎಂದರೆ ಅಂತಹ ಕಚ್ಚುಗಳನ್ನು ಮೂಡಿಸು ಎಂದು.

ವ್ಯುತ್ಪತ್ತಿ

‘ಕರ್ಕು’ ಎಂಬುದು ಇದರ ಹಳೆಯ ರೂಪ. ‘ಇರ್ದು’ ಎಂಬುದು ‘ಇದ್ದು’ ಆದಂತೆ ಇಲ್ಲಿಯೂ ರಕಾರವು ಮುಂದಿನ ವ್ಯಂಜನದಲ್ಲಿ ಲೀನವಾಗಿ ದ್ವಿತ್ವ ಬಂದಿದೆ. ತಮಿಳಿನ ‘ಕರುಕ್ಕು’ ಇದರ ಜ್ಞಾತಿಪದ. ಕುಡುಗೋಲಿನ ಹಲ್ಲಿಗೂ ತಾಳೆಗರಿಯ ದಂಟಿನ ಗರಗಸದಂತಹ ಅಂಚಿಗೂ ಅಲ್ಲಿ ಅದೇ ಹೆಸರು. ತಮಿಳು ಲೇಖಕಿ ಬಾಮಾ ಅವರ ‘ಕರುಕ್ಕು’ (1992) ಕೃತಿಯ ಶೀರ್ಷಿಕೆ ಈ ಪದವೇ ಆಗಿದೆ.

ಬಳಕೆ

ಕುಡುಗೋಲು: ಹಲ್ಲುಳ್ಳ ಕುಡುಗೋಲಿನ ಕಕ್ಕು ಬತ್ತದ ತಾಳು, ಹುಲ್ಲು ಮುಂತಾದ ನುಣುಪಾದ ದಂಟುಗಳು ಜಾರದಂತೆ ಹಿಡಿದು ಕತ್ತರಿಸುತ್ತದೆ. ಬಳಸಿದಂತೆ ಅದು ಸವೆಯುವುದರಿಂದ ಮತ್ತೆ ಕಕ್ಕು ಹಾಕಿಸಬೇಕಾಗುತ್ತದೆ.

ಬೀಸುಕಲ್ಲು: ಧಾರವಾಡ ಜಿಲ್ಲೆಯ ಮಿಶ್ರಿಕೋಟಿ, ನವಲಗುಂದ, ಕುಂದಗೋಳ ಮೊದಲಾದ ಜೋಳದ ರೊಟ್ಟಿಯ ಊರುಗಳಲ್ಲಿ ಗಿರಣಿಗಳು ಬರುವ ಮೊದಲು ಹಿಟ್ಟಿಗೆ ಬೀಸುಕಲ್ಲೇ ಆಧಾರವಾಗಿತ್ತು. ಕಲ್ಲಿನ ಕಕ್ಕು ಸವೆದು ಮೈ ನುಣುಪಾದರೆ ಕಾಳು ಜಾರಿ ನುಚ್ಚಾಗಿಯೇ ಹೊರಬೀಳುತ್ತದೆ. ಬೀಸುವವರ ಶ್ರಮ ಹೆಚ್ಚುತ್ತದೆ. ಆಗ ಉಳಿ, ಸುತ್ತಿಗೆಗಳಿಂದ ಮೈಯನ್ನು ಮತ್ತೆ ಒರಟು ಮಾಡುತ್ತಾರೆ. ಹೊಸದಾಗಿ ಕಕ್ಕು ಹಾಕಿದ ಕಲ್ಲಿನಿಂದ ಮೊದಲು ಬಂದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರಿರುವುದರಿಂದ ಅದನ್ನು ಉಣ್ಣಲು ಬಳಸುವುದಿಲ್ಲ. ವಿದ್ಯುತ್ ಗಿರಣಿಯ ಕಲ್ಲುಗಳಿಗೂ ಈ ಕೆಲಸ ತಪ್ಪಿದ್ದಲ್ಲ.

ಸಮೀಪದ ಪದಗಳು

ಕಚ್ಚು: ಕಡಿದೋ ಕೊರೆದೋ ಮಾಡಿದ ಗುರುತು. ಮರದ ಕಾಂಡದ ಮೇಲಿನ ಒಂದೇ ಏಟಿನ ಗುರುತೂ ಕಚ್ಚೇ. ಕಕ್ಕು ಸಾಮಾನ್ಯವಾಗಿ ಸಾಲಾಗಿ ಅಥವಾ ಒತ್ತೊತ್ತಾಗಿ ಇರುವಂಥದು.

ನೆಗ್ಗು: ಪೆಟ್ಟಿನಿಂದ ಒಳಕ್ಕೆ ಒತ್ತಿದ ಭಾಗ. ತಂಬಿಗೆ, ಕೊಡಗಳು ನೆಗ್ಗುತ್ತವೆ. ಇದು ಪಾತ್ರೆಯ ದೋಷ. ಕಕ್ಕು ಉದ್ದೇಶಪೂರ್ವಕವಾಗಿ ಮಾಡಿದ್ದು, ಅದಿಲ್ಲದಿರುವುದೇ ಸಾಧನದ ದೋಷ.

ತಗ್ಗು: ಸುತ್ತಲಿನ ಮಟ್ಟಕ್ಕಿಂತ ಕೆಳಗಿರುವ ಜಾಗ. ಉತ್ತರ ಕರ್ನಾಟಕದಲ್ಲಿ ರಸ್ತೆಯ ಗುಂಡಿಗೂ ಈ ಮಾತು ಸಲ್ಲುತ್ತದೆ.

ಸಮರೂಪ ಕ್ರಿಯಾಪದ

‘ವಾಂತಿ ಮಾಡು’ ಎಂಬ ಅರ್ಥದ ‘ಕಕ್ಕು’ ಬೇರೆಯೇ ಪದ. ‘ತಿಂದ ಹಣವನ್ನು ಕಕ್ಕಿಸು’ ಎಂಬ ಮಾತು ಈ ಕ್ರಿಯಾಪದದಿಂದ ಬಂದದ್ದು. ‘ಕಕ್ಕು ಹಾಕು’, ‘ಕಕ್ಕು ಸವೆ’ ಎಂಬಲ್ಲಿ ಅದು ನಾಮಪದವಾಗಿರುವುದರಿಂದ ವಾಕ್ಯದಲ್ಲಿ ಇವೆರಡನ್ನೂ ಸುಲಭವಾಗಿ ಗುರುತಿಸಬಹುದು.