ಪ್ರಜೆ ಅಂದ್ರೆ ಯಾರು?

ಬಿಟಿಎಂ ಲೇಔಟಿನ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದಲ್ಲಿ ಅರ್ಜಿ ಬರೆಯೋ ಕೆಲಸ ಯಾವಾಗಲೂ ನನಗೇ ಬರುತ್ತೆ. ಊರಿಂದ ಬಂದವನು, ಕನ್ನಡ ಮೀಡಿಯಂ, ಇಷ್ಟು ಸಾಕು ಅರ್ಹತೆಗೆ. ಹೋದ ಮಳೆಗಾಲದಲ್ಲಿ ಚರಂಡಿ ನೀರು ಬೇಸ್‌ಮೆಂಟಿಗೆ ನುಗ್ಗಿ ಎಂಟು ಬೈಕು ಮುಳುಗಿದಾಗ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ನನ್ನನ್ನೇ ಟ್ಯಾಗ್ ಮಾಡಿದರು. ಹೈಸ್ಕೂಲಿನ ಪತ್ರಲೇಖನವನ್ನು ನೆನಪಿಸಿಕೊಂಡು ಬರೆದೆ. 'ಮಾನ್ಯರೇ, ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ' ಅಂತ ಶುರು. 'ಇಂತಿ ತಮ್ಮ ವಿಧೇಯ, ನೊಂದ ಪ್ರಜೆಗಳು' ಅಂತ ಮುಕ್ತಾಯ.

ಮೂರನೇ ಫ್ಲೋರಿನ ಒಡಿಶಾ ಹುಡುಗ ಕನ್ನಡ ಕಲೀತಿದ್ದಾನೆ. ಸಹಿ ಹಾಕೋಕೆ ಮುಂಚೆ ಪೂರ್ತಿ ಓದಿ ಕೇಳಿದ: "ಅಣ್ಣಾ, ಡಿಕ್ಷನರಿಯಲ್ಲಿ ಪ್ರಜೆ ಅಂದ್ರೆ ಸಬ್ಜೆಕ್ಟ್ ಅಂತಾನೂ ಇದೆ, ಸಿಟಿಜನ್ ಅಂತಾನೂ ಇದೆ. ನೀವು ಇಲ್ಲಿ ಯಾವುದು ಬರ್ದಿರೋದು?"

ಉತ್ತರ ಹೊಳೆಯಲಿಲ್ಲ. ರಾಜನ ಕೈಕೆಳಗೆ ಇರೋನೂ ಪ್ರಜೆ, ರಾಜ್ಯವೇ ತನ್ನದು ಅನ್ನೋನೂ ಪ್ರಜೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ. ಸಂವಿಧಾನಕ್ಕೆ 'ಪೌರತ್ವ' ಅನ್ನೋ ಪದ ಸಿಕ್ಕಿತು, ನಿಜ. ಆದ್ರೆ ಬಾಯಲ್ಲಿ ಉಳಿದಿರೋದು ಪ್ರಜೆಯೇ.

ಇದೇ ಎರಡು ಪದಗಳ ಗೊಂದಲ ಅಮೆರಿಕದ ಇತಿಹಾಸದಲ್ಲಿ ಒಂದು ಹಾಳೆಯ ಮೇಲೇ ಕಾಣುತ್ತೆ. ನಾವೆಲ್ಲ ಅವರನ್ನು ಹುಟ್ಟಾ ಬಂಡುಕೋರರು ಅಂದ್ಕೊಂಡಿದ್ದೀವಿ. ಅವರೂ ಮೊದಲು ಬರೆದದ್ದು ಅರ್ಜಿಯೇ. 1775ರ ಜುಲೈನಲ್ಲಿ, ಲಡಾಯಿ ಆಗಲೇ ಶುರುವಾಗಿದ್ದರೂ, ವಸಾಹತುಗಳ ಪ್ರತಿನಿಧಿಗಳು ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಗೆ ನಿಷ್ಠಾವಂತ ಪ್ರಜೆಗಳಾಗಿ ಒಂದು ಮನವಿ ಕಳಿಸಿದರು. ದೊರೆ ಅದನ್ನು ಮುಟ್ಟಲೇ ಇಲ್ಲ. ಇವರು ದಂಗೆಕೋರರು ಅಂತ ಘೋಷಿಸಿಬಿಟ್ಟ.

ಮುಂದಿನ ವರ್ಷ ಥಾಮಸ್ ಜೆಫರ್ಸನ್ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ. ಅದರಲ್ಲಿ ಒಂದು ಕಡೆ 'ಸಿಟಿಜನ್ಸ್' ಅನ್ನೋ ಪದದ ಕೆಳಗೆ ಮಸಿ ಒರೆಸಿದ ಗುರುತಿತ್ತು. ಒರೆಸಿದ್ದು ಏನು ಅಂತ 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಆ ಹಾಳೆಯನ್ನು ಬೇರೆಬೇರೆ ಬೆಳಕಿನಲ್ಲಿ ಫೋಟೋ ತೆಗೆದು ಪತ್ತೆ ಮಾಡಿದರು. ಆತ ಮೊದಲು ಬರೆದದ್ದು 'ಸಬ್ಜೆಕ್ಟ್ಸ್'. ಕೈ ರೂಢಿಯಿಂದ ಅದನ್ನೇ ಬರೆದಿತ್ತು. ಮಸಿ ಒಣಗೋಕೆ ಮುಂಚೆ ಒರೆಸಿ ಹೊಸ ಪದ ಬರೆದ.

ಪದ ಬದಲಾಯಿತು, ಆದ್ರೆ ಅದರೊಳಗೆ ಯಾರ್ಯಾರು ಬಂದರು? ಅದೇ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವನು. 1787ರ ಸಂವಿಧಾನ ಸೀಟು ಹಂಚೋವಾಗ ಐದು ಜನ ಗುಲಾಮರನ್ನು ಮೂರು ಜನ ಅಂತ ಲೆಕ್ಕ ಹಾಕಿತು. 1790ರ ಕಾನೂನು, ಹೊರಗಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪೌರರಾಗಬಹುದು ಅಂದಿತು. 1857ರಲ್ಲಿ ಡ್ರೆಡ್ ಸ್ಕಾಟ್ ಅನ್ನೋ ಗುಲಾಮನ ಕೇಸಿನಲ್ಲಿ ಅವರ ಸುಪ್ರೀಂ ಕೋರ್ಟು, ಕರಿಯರು ಈ ದೇಶದ ಪೌರರಾಗಲು ಸಾಧ್ಯವೇ ಇಲ್ಲ ಅಂತ ತೀರ್ಪು ಕೊಟ್ಟಿತು. ನಾಲ್ಕೇ ವರ್ಷಕ್ಕೆ ದೇಶ ಎರಡು ಭಾಗವಾಗಿ ಹೊಡೆದಾಡಿಕೊಂಡು 6 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹುಟ್ಟಿದವರು ಅಲ್ಲಿನ ಪೌರರು ಅಂತ ಸಂವಿಧಾನದಲ್ಲಿ ಬರೆಯೋಕೆ 1868 ಬರಬೇಕಾಯಿತು. ನಮ್ಮವರ ಕಥೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಪೌರತ್ವ ಕೇಳಿದಾಗ, 1923ರಲ್ಲಿ ಅದೇ ಕೋರ್ಟು ನೀನು ಬಿಳಿಯನಲ್ಲ ಅಂತ ವಾಪಸ್ ಕಳಿಸಿತು. ಆ ಬಾಗಿಲು ಭಾರತೀಯರಿಗೆ ತೆರೆದದ್ದು 1946ರಲ್ಲಿ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿರೋ ನನ್ನ ಬ್ಯಾಚಿನ ಗೆಳೆಯರಿಗೆ ಈ ಕಥೆ ಹೇಳಿದ್ರೆ ನಗಲ್ಲ.

ನಮ್ಮ ಮೈಸೂರಿನಲ್ಲಿ ಇದೇ ದಾರಿ ಬೇರೆ ಥರ ಸಾಗಿತು. 50 ವರ್ಷ ಬ್ರಿಟಿಷ್ ಕಮಿಷನರುಗಳ ಕೈಲಿದ್ದ ಸಂಸ್ಥಾನ 1881ರ ಮಾರ್ಚಿನಲ್ಲಿ ಒಡೆಯರ್ ಮನೆತನಕ್ಕೆ ವಾಪಸ್ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು 'ಪ್ರಜಾಪ್ರತಿನಿಧಿ ಸಭೆ' ಶುರು ಮಾಡಿದರು. ಮೈಸೂರಿನ ಟೌನ್ ಹಾಲ್ ಇವರ ನೆನಪಿನದೇ. ದೇಶದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ತಾಲ್ಲೂಕುಗಳಿಂದ ಜಮೀನುದಾರರು, ವರ್ತಕರು ದಸರಾ ಸಮಯಕ್ಕೆ ಮೈಸೂರಿಗೆ ಬರಬೇಕು. ದಿವಾನರು ಹೋದ ವರ್ಷ ಏನು ಮಾಡಿದೆವು, ಮುಂದಿನ ವರ್ಷ ಏನು ಮಾಡ್ತೀವಿ ಅಂತ ಓದಿ ಹೇಳುತ್ತಾರೆ. ಪ್ರತಿನಿಧಿಗಳು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳಬಹುದು.

ಹೇಳಿಕೊಳ್ಳಬಹುದು, ಅಷ್ಟೇ. ಕಾನೂನು ಮಾಡೋ ಅಧಿಕಾರ ಇಲ್ಲ, ದಿವಾನರನ್ನು ಇಳಿಸೋ ಅಧಿಕಾರ ಇಲ್ಲ. 1891ರಲ್ಲಿ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಚುನಾವಣೆ ಬಂತು. ಆದ್ರೆ ಓಟು ಇದ್ದದ್ದು ಆಸ್ತಿ, ಕಂದಾಯದ ಲೆಕ್ಕದಲ್ಲಿ ಅರ್ಹರಾದ ಕೆಲವರಿಗೆ ಮಾತ್ರ. ದಿವಾನರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ. ಸಭೆಯ ಹೆಸರಿನಲ್ಲಿದ್ದ 'ಪ್ರಜೆ' ಇನ್ನೂ ಹಳೇ ಅರ್ಥದ ಪ್ರಜೆಯೇ.

ಇಲ್ಲಿ ನಮಗೆಲ್ಲ ಒಂದು ಇರುಸುಮುರುಸು ಇದೆ. ನಮ್ಮ ರಾಜರು ಜಾರ್ಜ್ ಥರ ಇರಲಿಲ್ಲ. ಕೆಆರ್‌ಎಸ್ ಕಟ್ಟಿಸಿದ ನಾಲ್ವಡಿಯವರ ಫೋಟೋ ಮಂಡ್ಯ ಸೀಮೆಯ ನಮ್ಮ ಮನೆಯಲ್ಲಿ ದೇವರ ಪಕ್ಕದಲ್ಲೇ ಇದೆ. ಗಾಂಧೀಜಿ ಅವರನ್ನು ರಾಜರ್ಷಿ ಅಂದರು. ಇಷ್ಟು ಒಳ್ಳೇ ರಾಜರಿದ್ದಾಗ ಹಕ್ಕಿನ ತಕರಾರು ಯಾಕೆ ಅಂತ ನಾನೂ ಕಾಲೇಜಿನಲ್ಲಿ ವಾದ ಮಾಡಿದವನೇ.

ಉತ್ತರ ನಮ್ಮ ಮದ್ದೂರಿನಲ್ಲೇ ಇತ್ತು. ಹಳೇ ಮೈಸೂರು ರಸ್ತೆಯಲ್ಲಿ ಮದ್ದೂರು ವಡೆಗೆ ಅಂತ ಎಷ್ಟು ಸಲ ಬಸ್ಸು ಇಳಿದಿಲ್ಲ? ಅಲ್ಲೇ ಶಿವಪುರದ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ, ಅದೇ ನಾಲ್ವಡಿಯವರ ಕಾಲದಲ್ಲಿ, ಕಾಂಗ್ರೆಸ್ ಬಾವುಟ ಹಾರಿಸಬಾರದು ಅನ್ನೋ ಆಜ್ಞೆ ಮುರಿದು ಟಿ. ಸಿದ್ಧಲಿಂಗಯ್ಯನವರು ಬಾವುಟ ಏರಿಸಿ ಜೈಲಿಗೆ ಹೋದರು. ಎರಡು ವಾರಕ್ಕೆ, ಏಪ್ರಿಲ್ 25ಕ್ಕೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 10 ಜನ. ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ರಾಜ ಒಳ್ಳೆಯವನಾಗಿದ್ದರೂ ಗುಂಡು ಹಾರಿಸಿದವರನ್ನು ಸಭೆಯಲ್ಲಿ ನಿಲ್ಲಿಸಿ ಕೇಳಿ, ಸರ್ಕಾರವನ್ನೇ ಇಳಿಸೋ ದಾರಿ ಪ್ರಜೆಗಿರಲಿಲ್ಲ. ಹೋರಾಟಗಾರರು ಕೇಳ್ತಿದ್ದ 'ಜವಾಬ್ದಾರಿ ಸರ್ಕಾರ' ಅನ್ನೋ ಪದದ ಅರ್ಥ ನನಗೆ ಆಗ ತಲೆಗೆ ಹೋಯಿತು. ಸರ್ಕಾರ ಯಾರಿಗೆ ಜವಾಬು ಕೊಡಬೇಕು ಅನ್ನೋದೇ ಪ್ರಶ್ನೆ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಅಷ್ಟರಲ್ಲಿ ಭಾರತಕ್ಕೆ ಸೇರಿಯೂ ಆಗಿತ್ತು. ಆದ್ರೆ ಇಲ್ಲಿ ಇನ್ನೂ ದಿವಾನರದೇ ಆಡಳಿತ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಅರಮನೆಯ ತಂಬುಚೆಟ್ಟಿ ಇಬ್ಬರ ಹೆಸರೂ ಸೇರಿಸಿ 'ಆರ್ಕಾಟ್ ಬಾಯ್ಕಾಟ್, ತಂಬುಚೆಟ್ಟಿ ಚಟ್ಟ ಕಟ್ಟಿ' ಅಂತ ಬೀದಿಬೀದಿಯಲ್ಲಿ ಕೂಗಿದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇವತ್ತಿನ ರಾಮಸ್ವಾಮಿ ಸರ್ಕಲ್ ಅವನ ಹೆಸರಿನದು. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಅಂತ ಘೋಷಿಸಿದರು. 1951-52ರ ಮೊದಲ ಮಹಾಚುನಾವಣೆಯಲ್ಲಿ 21 ತುಂಬಿದ ಎಲ್ಲರಿಗೂ ಓಟು. ಆಸ್ತಿ ಕೇಳಲಿಲ್ಲ, ಜಾತಿ ಕೇಳಲಿಲ್ಲ, ಹೆಬ್ಬೆಟ್ಟಾದರೂ ಅಡ್ಡಿಯಿಲ್ಲ. ಅಮೆರಿಕಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿದದ್ದು ನಮ್ಮಜ್ಜಿಯಂಥೋರಿಗೆ ಒಂದೇ ಸಲಕ್ಕೆ ಸಿಕ್ಕಿತು.

ಈಗ ನಮ್ಮ ಚರಂಡಿಗೆ ಬರ್ತೀನಿ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಇಷ್ಟು ದೊಡ್ಡ ಊರು ಅಷ್ಟೂ ವರ್ಷ ಕಾರ್ಪೊರೇಟರ್ ಇಲ್ಲದೆ, ಆಡಳಿತಾಧಿಕಾರಿಗಳ ಕೈಲಿ ನಡೆಯಿತು. ನಾವು ಏನು ಮಾಡಿದ್ವಿ? ಅಧಿಕಾರಿಗಳನ್ನು ಟ್ಯಾಗ್ ಮಾಡಿ ಗುಂಡಿ ಫೋಟೋ ಹಾಕಿದ್ವಿ. ಯಾರಾದರೂ ಒಳ್ಳೇ ಅಧಿಕಾರಿ ಬಂದು ರಸ್ತೆ ಸರಿ ಮಾಡಿಸಿದ್ರೆ ಕೈಮುಗಿಯೋ ಇಮೋಜಿ ಹಾಕಿದ್ವಿ. 1881ರ ಸಭೆಯಲ್ಲಿ ಕೂತು ಕಷ್ಟ ಹೇಳಿಕೊಂಡವರು ನಮಗಿಂತ ಒಂದು ಕೈ ಮೇಲೆ. ಅವರಿಗೆ ದಿವಾನರು ಎದುರಿಗಾದರೂ ಇದ್ದರು.

ಇನ್ನೊಬ್ಬರನ್ನು ಬೈಯೋಕೆ ಮುಂಚೆ ನನ್ನದೂ ಹೇಳಿಬಿಡ್ತೀನಿ. 2024ರ ಏಪ್ರಿಲ್ 26, ಶುಕ್ರವಾರ, ಲೋಕಸಭಾ ಚುನಾವಣೆ. ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ. 53ರ ಆಸುಪಾಸು. ಅದೇ ದಿನ ಮಂಡ್ಯದಲ್ಲಿ ಶೇ. 81ರ ಮೇಲೆ. ನಾನು ಈ ಎರಡರಲ್ಲೂ ಇರಲಿಲ್ಲ. ಹತ್ತು ವರ್ಷದಿಂದ ಬಿಟಿಎಂನಲ್ಲಿದ್ರೂ ಹೆಸರು ಊರಿನ ಪಟ್ಟಿಯಲ್ಲೇ ಇತ್ತು. ಲಾಂಗ್ ವೀಕೆಂಡ್ ಸಿಕ್ಕಿತು ಅಂತ ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗಿದ್ದೆ.

ಅರ್ಜಿಯನ್ನು ಮತ್ತೆ ಬರೆದೆ. 'ಬೇಡಿಕೊಳ್ಳುವುದೇನೆಂದರೆ' ತೆಗೆದು, ಯಾವ ಕೆಲಸ, ಎಷ್ಟು ದಿನದಿಂದ ಬಾಕಿ, ಯಾವ ತಾರೀಕಿನೊಳಗೆ ಲಿಖಿತ ಉತ್ತರ ಬೇಕು ಅಂತ ಹಾಕಿದೆ. ಕೊನೆಯ 'ವಿಧೇಯ' ತೆಗೆದೆ, 'ಪ್ರಜೆಗಳು' ಮಾತ್ರ ಬಿಟ್ಟೆ. ಒಡಿಶಾ ಹುಡುಗ ಓದಿ ಸಹಿ ಹಾಕಿದ. ಅವನ ಓಟು ಇನ್ನೂ ಕಟಕ್‌ನಲ್ಲಿದೆಯಂತೆ. ಅವತ್ತು ರಾತ್ರಿ ಇಬ್ಬರೂ ಕೂತು ವಿಳಾಸ ಬದಲಾವಣೆಯ ಫಾರ್ಮ್ 8 ತುಂಬಿಸಿದ್ವಿ.

ಅಪ್ಪನಿಗೆ ಫೋನ್ ಮಾಡಿ ಊರಿನ ಓಟು ತೆಗೆಸ್ತಿದ್ದೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿದ್ದಾಗ್ಲೇ ಬಂದು ಹಾಕ್ನಿಲ್ಲ, ಅಲ್ಲಾದ್ರೂ ಹಾಕ್ಲಾ" ಅಂದರು. ಚರಂಡಿ ಕೆಲಸ ಇನ್ನೂ ಅರ್ಧ ಆಗಿದೆ. ಎರಡನೇ ಅರ್ಜಿ ಬರೀತಿದ್ದೀನಿ.